ಎರಡು ಕೊಂಡಿಗೊಂದು

ಸೋಮವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಡಯಾಲಿಸಿಸ್ ವ್ಯಾನು ಖಾಲಿಯಾಗಿ ಹಿಂದಿರುಗಿತು. ರೇಮಂಡ್ ಸಾಲ್ಮಿ ಅದನ್ನು ಇಳಿಜಾರಿನ ತಿರುವಿನಿಂದ ನೋಡಿದ. ಅವನು ಕೂತಿದ್ದ ತೋಟದ ಸಣ್ಣ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳೆರಡೂ ನಿಂತಲ್ಲೇ ಸುತ್ತುತ್ತಿದ್ದವು. ಮನೆಯಿಂದ ರಸ್ತೆಗೆ ಮುನ್ನೂರು ಅಡಿ. ಒಂದು ಸಲ ಹಿಮ ತಳ್ಳಿಕೊಂಡು ಕೆಳಗಿಳಿದಿದ್ದ. ಇನ್ನೊಂದು ಸಾಲಿಗೆ ಮೇಲೇರುವಾಗ ಗಾಡಿ ಸಿಕ್ಕಿಬಿದ್ದಿತ್ತು. ಹಿಮದಲ್ಲಿ ಜಾರದಿರಲೆಂದು ಟೈರಿಗೆ ಸುತ್ತಿದ್ದ ಹಳೆಯ ಸರಪಳಿ ಚಕ್ರ ಬಿಟ್ಟು ತುಂಡಾಗಿ ಹಿಂದೆ ಬಿದ್ದಿತ್ತು.

ಹೊರಡುವ ಮೊದಲು ಡ್ರೈವರ್ ಕರ್ಟಿಸ್ ಕಿಟಕಿ ಇಳಿಸಿ ಕೂಗಿದ್ದ. "ರೇ, ಇನ್ನು ಕಾಯೋಕಾಗಲ್ಲ ಕಣಪ್ಪ. ಮುಂದೆ ಇನ್ನೂ ಮೂರು ಜನ ಇದ್ದಾರೆ. ಇದು ಎರಡನೇ ಸಲ. ಮೂರನೇದಾದ್ರೆ ಆಫೀಸಿನವರು ಹೆಸರು ತೆಗೀತಾರೆ, ನನ್ನ ಕೈಲೇನಿಲ್ಲ."

ಹೆಸರು ಹೋದರೆ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿದ್ದ ಅಕ್ಕ ವೆರ್ನಾ ಆಸ್ಪತ್ರೆಯ ಪಕ್ಕದ ವೃದ್ಧರ ಮನೆ ಸೇರಬೇಕು. ಅವಳಿಗೆ ಅರವತ್ತೇಳು, ತಾಯಿ ಸತ್ತ ಮೇಲೆ ರೇಮಂಡನನ್ನು ಬೆಳೆಸಿದವಳು ಅವಳೇ. ಅವಳನ್ನು ಗಾಲಿಕುರ್ಚಿಯಲ್ಲಿ ರಸ್ತೆಯವರೆಗೆ ಹಿಮದಲ್ಲಿ ತಳ್ಳಿಕೊಂಡು ಹೋಗುವಂತಿರಲಿಲ್ಲ. ತಾನೇ ಪಟ್ಟಣಕ್ಕೆ ಕರೆದೊಯ್ಯೋಣವೆಂದರೆ, ಎರಡು ವರ್ಷದ ಹಿಂದೆ ಕುಡಿದು ಓಡಿಸಿ ರೇಮಂಡ್ ಲೈಸೆನ್ಸ್ ಕಳೆದುಕೊಂಡಿದ್ದ. ಆಸ್ಪತ್ರೆಗೆ ಫೋನ್ ಮಾಡಿದಾಗ ಮಂಗಳವಾರ ಜಾಗವಿಲ್ಲ, ಬುಧವಾರವೇ ಬನ್ನಿ ಎಂದರು.

ಮಂಗಳವಾರ ಅವನು ಟ್ರ್ಯಾಕ್ಟರಿನಲ್ಲೇ ಮೂರು ಮೈಲಿ ದೂರದ ಬಿಡಿಭಾಗದ ಅಂಗಡಿಗೆ ಹೋದ. ಸಪಾಟು ರಸ್ತೆಯಲ್ಲಿ ಅದಕ್ಕೆ ತೊಂದರೆಯಿರಲಿಲ್ಲ. ಅಂಗಡಿಯ ಬೆವ್ ಟೆರ್ವೊ ಶಾಲೆಯಲ್ಲಿ ಅವನ ಜೊತೆ ಓದಿದವಳು. ಬಾಗಿಲಲ್ಲೇ ನಿಂತು ನಕ್ಕಳು.

"ಏನೋ, ಇದರಲ್ಲೇ ಬಂದ್ಯಾ? ಪೊಲೀಸರು ಇದಕ್ಕೂ ನಿಲ್ಲಿಸಿ ಊದಿಸ್ತಾರೆ, ನೋಡ್ಕೋ."

"ಇದನ್ನ ಹಿಡಿಯೋಕೆ ಅವ್ರಿಗೆ ಕಾರು ಬೇಡ. ನಡ್ಕೊಂಡೇ ಬರಬಹುದು."

"ಹೊಸ ಸರಪಳಿ ಇದೆ ನೋಡು, ರಬ್ಬರಿಂದು. ಸದ್ದಿಲ್ಲ."

"ಸದ್ದು ಇದ್ರೆ ಇರ್ಲಿ. ಮಂಜುಗಡ್ಡೆ ಕಚ್ಚೋದು ಕೊಡು."

ಅವಳು ಬಗ್ಗಿ ಟೈರಿನ ಪಕ್ಕದ ಅಂಕಿ ಓದಿದಳು: ಇಪ್ಪತ್ಮೂರು, ಹತ್ತೂವರೆ, ಹನ್ನೆರಡು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸಿ ನೋಡಿದಳು. ಒಳಗಿನಿಂದ ಎರಡು ಚೀಲ ತಂದು ನೆಲದ ಮೇಲೆ ಸುರಿದಳು. ಒಂದರಲ್ಲಿ ಪಕ್ಕದ ಸರಪಳಿಯ ನಾಲ್ಕು ಕೊಂಡಿಗೊಂದು ಅಡ್ಡಸರಪಳಿ. ಇನ್ನೊಂದರಲ್ಲಿ ಎರಡು ಕೊಂಡಿಗೊಂದು.

"ನಾಲ್ಕರದೇ ಕೊಡು," ಎಂದ ರೇಮಂಡ್. "ಹಗುರ ಇರತ್ತೆ. ಹಳೇದೂ ಅದೇ."

"ಈ ಟೈರಿಗಾ? ಹುಲ್ಲಿನ ಮೇಲೆ ಓಡೋ ಸಪಾಟು ಟೈರ್ ತೆಗೆದು ಹೊಲದ್ದು ಹಾಕಿದ್ದೀಯಲ್ಲೋ. ಇದರಲ್ಲಿ ಉಬ್ಬು, ಹಳ್ಳ. ನಾಲ್ಕರದ್ದು ಹಾಕಿದ್ರೆ ಅಡ್ಡ ಇರೋದೆಲ್ಲ ಹಳ್ಳಕ್ಕಿಳಿದು ಕೂತ್ಕೊಳ್ಳತ್ತೆ. ಮಂಜುಗಡ್ಡೆ ಮುಟ್ಟೋದೇ ಇಲ್ಲ, ಸಡಿಲ ಆಗಿ ಕಿತ್ತೂ ಹೋಗತ್ತೆ. ಯಾವತ್ತು ಬದಲಾಯಿಸಿದ್ದು?"

"ಅಕ್ಟೋಬರ್‌ನಲ್ಲಿ." ಹಿಡಿತ ಜಾಸ್ತಿ ಸಿಗಲಿ ಎಂದೇ ಬದಲಾಯಿಸಿದ್ದ.

ಡಿಸೆಂಬರಿನಲ್ಲಿ ತಪ್ಪಿದ ಮೊದಲ ಸರದಿ, ನಿನ್ನೆ ತಪ್ಪಿದ ಎರಡನೆಯದು, ಎರಡೂ ಅಕ್ಟೋಬರಿನ ಆ ಮಧ್ಯಾಹ್ನದಿಂದಲೇ ಹೊರಟವು ಎಂದು ರೇಮಂಡನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಕೊಂಡಿಯದನ್ನು ಎತ್ತಿ ಸೀಟಿನ ಹಿಂದೆ ಕಟ್ಟಿದ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಸರಪಳಿಯನ್ನು ಉದ್ದಕ್ಕೆ ಹಾಸಿ, ಅದರ ಮೇಲೆ ಟ್ರ್ಯಾಕ್ಟರನ್ನು ಹಿಂದಕ್ಕೆ ಹತ್ತಿಸಿದ. ಗಾಳಿ ಸ್ವಲ್ಪ ಬಿಟ್ಟು, ಕೊಕ್ಕೆ ಸಿಕ್ಕಿಸಿ, ಮತ್ತೆ ಗಾಳಿ ತುಂಬಿದ. ಹತ್ತು ನಿಮಿಷ ಓಡಿಸಿ ಬಂದು ಎರಡು ಕೊಂಡಿ ಬಿಗಿದ. ರಾತ್ರಿ ಊಟಕ್ಕೆ ಉಪ್ಪಿಲ್ಲದ ಮೀನಿನ ಸಾರು. ವೆರ್ನಾ ಎರಡು ಚಮಚ ಕುಡಿದು ತಟ್ಟೆ ಸರಿಸಿದಳು. ಅವಳ ಕಾಲು ಮೊಣಕಾಲಿನವರೆಗೂ ಬಾತಿತ್ತು.

"ನಾಳೆ ಸರಿಹೋಗತ್ತೆ, ಅಕ್ಕ," ಎಂದ. ಅವಳು ತಲೆಯಾಡಿಸಿದಳು.

ಬುಧವಾರ ಬೆಳಗಾಗುವಷ್ಟರಲ್ಲಿ ಸುಪೀರಿಯರ್ ಸರೋವರದ ಕಡೆಯಿಂದ ಬಂದ ಹಿಮ ಹದಿನಾಲ್ಕು ಅಂಗುಲ ಬಿದ್ದಿತ್ತು. ಆರಕ್ಕೆ ಶುರುಮಾಡಿದ. ತಿರುವಿನಲ್ಲಿ ಟ್ರ್ಯಾಕ್ಟರ್ ಒಮ್ಮೆಯೂ ಜಾರಲಿಲ್ಲ. ಒಂಬತ್ತೂವರೆಗೆ ದಾರಿಯುದ್ದಕ್ಕೂ ಜಲ್ಲಿ ಕಾಣುತ್ತಿತ್ತು. ಹತ್ತಕ್ಕೆ ವ್ಯಾನು ನೇರ ಬಾಗಿಲಿಗೇ ಬಂತು.

"ವಿಮಾನ ಇಳಿಸಬಹುದಲ್ಲೋ ಇಲ್ಲಿ!" ಎಂದ ಕರ್ಟಿಸ್.

ರೇಮಂಡ್ ಒಳಗೆ ಹೋದ. ವೆರ್ನಾ ಅಡುಗೆಮನೆಯಲ್ಲಿ ರಾತ್ರಿಯ ಉಡುಪಿನಲ್ಲೇ ಕೂತಿದ್ದಳು. ಮುಂದೆ ದೊಡ್ಡ ಲೋಟದ ತುಂಬ ಕಾಫಿ. ಅವಳಿಗೆ ದಿನಕ್ಕೆ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿಯುವಂತಿರಲಿಲ್ಲ.

"ಅಕ್ಕ, ಕೋಟು ಎಲ್ಲಿ? ವ್ಯಾನ್ ಬಂದಿದೆ."

"ಕೇಳಿಸ್ತು. ಚೆನ್ನಾಗಿ ತೆಗ್ದಿದ್ದೀಯ. ಕಿಟಕೀಲಿ ನೋಡ್ತಾನೇ ಇದ್ದೆ."

"ಮತ್ತೆ ಏಳು."

"ಸೋಮವಾರ ಅದು ವಾಪಸ್ ಹೋಯ್ತಲ್ಲ, ರೇ. ನೀನು ಕೆಳಗೆ ನಿಂತು ಗಾಡಿಗೆ ಬೈತಿದ್ದೆ. ನಾನು ಹೋಗಿ ಮಲಗ್ದೆ. ಡಯಾಲಿಸಿಸ್ ಶುರುವಾದ ಈ ನಾಲ್ಕು ವರ್ಷದಲ್ಲಿ ಅಂಥ ನಿದ್ದೆ ಬಂದಿರ್ಲಿಲ್ಲ ಕಣೋ. ಇವತ್ತೂ ನಿಂಗೆ ಆಗದೇ ಇರ್ಲಿ ಅಂತ ಕಾಯ್ತಿದ್ದೆ."

ಅವನು ಟೋಪಿ ತೆಗೆದ. "ನಿನ್ನೆ ಹೇಳಬಾರದಿತ್ತಾ?"

"ನಿನ್ನೆ ನೀನು ಸರಪಳಿ ಹಾಕ್ತಿದ್ದೆ."

"ಅದನ್ನ ಬಿಟ್ರೆ ಏನಾಗತ್ತೆ ಗೊತ್ತು ತಾನೇ?"

"ಹತ್ತು ದಿನ. ಹೆಚ್ಚಂದ್ರೆ ಎರಡು ವಾರ. ಡಾಕ್ಟರಮ್ಮನ್ನ ಬೇಸಿಗೇಲೇ ಕೇಳಿದ್ದೆ."

"ನನ್ನ ಗತಿ ಏನೇ?"

ವೆರ್ನಾ ಪಕ್ಕದ ಕುರ್ಚಿ ಎಳೆದಳು. "ಕೂತ್ಕೋ. ಕೈ ಕೆಂಪಾಗಿದೆ, ನೋಡು," ಎಂದಳು.

ಹೊರಗೆ ಹಾರನ್ ಒಂದು ಸಲ ಆಯಿತು. ಕರ್ಟಿಸ್ ಬಾಗಿಲಿಗೆ ಬಂದು, ವಿಷಯ ತಿಳಿದು, ಕೈಗವಸು ತೆಗೆದು ನಿಂತ. ರೋಗಿ ಬರಲೊಪ್ಪಲಿಲ್ಲ ಎಂಬ ಕಾಗದಕ್ಕೆ ಸಹಿ ಬೇಕಿತ್ತು. ವೆರ್ನಾ ಅವನ ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದಳು. ವ್ಯಾನು ಅಂಗಳದಲ್ಲಿ ಒಂದೇ ಸಲಕ್ಕೆ ತಿರುಗಿ ಇಳಿದು ಹೋಯಿತು.

ಆಕೆ ಇನ್ನೂ ಒಂಬತ್ತು ದಿನ ಬದುಕಿದಳು. ಅದರಲ್ಲಿ ಏಳು ದಿನ ಹಿಮ ಬಿತ್ತು. ಏಳೂ ದಿನ ರೇಮಂಡ್ ಬೆಳಿಗ್ಗೆ ಆರಕ್ಕೆ ಎದ್ದು ರಸ್ತೆಯವರೆಗೆ ದಾರಿ ತೆಗೆದ.