ಎರಡು ವರ್ಷದ ಅನುಭವ

ಲಾರಿ ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿ ಹನ್ನೊಂದು ವರ್ಷ ಕುರ್ಚಿ ಸವೆಸಿದ ಗುಮಾಸ್ತನನ್ನು ಎಲ್ಲರೂ ಷರಾ ಎಂದೇ ಕರೆಯುತ್ತಿದ್ದರು. ಹೊಸದಾಗಿ ಲೈಸೆನ್ಸ್ ಪಡೆದು ಕೆಲಸ ಕೇಳಿಕೊಂಡು ಬಂದವರ ಅರ್ಜಿಯ ಮೂಲೆಯಲ್ಲಿ ಅವನು ಬರೆಯುತ್ತಿದ್ದುದು ಒಂದೇ ಷರಾ: ‘ಅನುಭವ ಸಾಲದು. ಎರಡು ವರ್ಷದ ಅನುಭವ ಪಡೆದು ಮರಳಿ ಪ್ರಯತ್ನಿಸಿ.’ ಆಮೇಲೆ ಅದನ್ನೇ ಕಂಪನಿಯ ಹೆಸರಿದ್ದ ಕಾಗದದ ಮೇಲೆ ಟೈಪು ಮಾಡಿಸಿ, ಕೆಳಗೆ ಸಹಿ ಜಡಿದು, ಮೊಹರು ಒತ್ತಿ ಅಂಚೆಗೆ ಹಾಕುತ್ತಿದ್ದ.

ಆ ಎರಡು ವರ್ಷವನ್ನು ಎಲ್ಲಿಂದ ತರಬೇಕು ಎಂದು ಕೇಳಿದವನು ಒಬ್ಬನೇ. ಆರಡಿ ಮೀರಿದ ಎತ್ತರ, ಎಡಗಿವಿಯ ತುದಿ ಹರಿದಿತ್ತು. ಮೂರು ಸಲ ಬಂದಿದ್ದ. ಮೂರನೆಯ ಸಲ ಕಿಟಕಿಯೊಳಗೆ ತಲೆ ತೂರಿಸಿ, “ಸಾರ್, ಅನುಭವ ಕೇಳೋರು ಎಲ್ಲಾ ಕಡೆ ಇದ್ದೀರಿ. ಕೊಡೋರು ಎಲ್ಲಿದ್ದಾರೆ?” ಎಂದಿದ್ದ.

“ಅದು ನಮ್ಮ ವಿಭಾಗಕ್ಕೆ ಬರಲ್ಲ,” ಎಂದು ಷರಾ ಕಿಟಕಿ ಮುಚ್ಚಿದ್ದ. ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನು ಹೇಳಿ ಅನ್ನ ನೆತ್ತಿಗೇರುವಷ್ಟು ನಕ್ಕಿದ್ದ.

ಅವನಿಗೆ ನಲವತ್ತೈದು ತುಂಬಿದ ವರ್ಷ ಕಂಪನಿ ಅರ್ಜಿ ನೋಡುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿತು. ಷರಾನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಬಾಗಿಲು ತೋರಿಸಿತು. ಔಷಧಿ ಅಂಗಡಿಯಲ್ಲಿ ನಿಂತೇ ದುಡಿಯುವ ಹೆಂಡತಿ ಎರಡು ತಿಂಗಳು ಸುಮ್ಮನಿದ್ದಳು. ಮೂರನೆಯ ತಿಂಗಳು ಅವಳ ತಮ್ಮ ಬಂದು ಬಾಯಿ ಬಿಟ್ಟ.

“ಭಾವ, ಡ್ರೈವರುಗಳು ಸಿಗ್ತಿಲ್ಲ, ಲಾರಿಗಳು ತುಕ್ಕು ಹಿಡೀತಾ ನಿಂತಿವೆ ಅಂತ ಹನ್ನೊಂದು ವರ್ಷದಿಂದ ನೀವೇ ಹೇಳ್ತಾ ಬಂದ್ರಲ್ಲ. ಒಂದನ್ನ ನೀವೇ ಓಡಿಸಿ.”

ಮಾತು ನಿಜವಾಗಿತ್ತು. ಷರಾ ಹೋಗಿ ಲಾರಿ ಕಲಿತ. ಮುಂದಕ್ಕೆ ಓಡಿಸುವುದು ಬೇಗ ಬಂತು, ಹಿಂದಕ್ಕೆ ತರುವುದು ಬರಲಿಲ್ಲ. ಎರಡು ಪರೀಕ್ಷೆಯಲ್ಲಿ ನೆಟ್ಟ ಕಂಬಗಳನ್ನೆಲ್ಲ ನೆಲಕ್ಕೊರಗಿಸಿದ. ಕಲಿಸುತ್ತಿದ್ದ ಹೆಂಗಸು ಮಾತ್ರ ಎದೆಗುಂದಲಿಲ್ಲ. “ಗೊತ್ತಾಗದಿದ್ರೆ ನಿಲ್ಲಿಸಿ, ಇಳಿದು ನೋಡಿ. ಇಳಿದು ನೋಡಿದ್ರೆ ಮರ್ಯಾದೆ ಹೋಗಲ್ಲ, ಗುದ್ದಿದ್ರೆ ಹೋಗುತ್ತೆ,” ಎಂದಳು. ಮೂರನೆಯ ಸಲ ಕಂಬಗಳು ನಿಂತವು, ಲೈಸೆನ್ಸ್ ಕೈಗೆ ಬಂತು. ಷರಾ ಅದನ್ನು ಅಂಗಿಯ ಎದೆಜೇಬಿನಲ್ಲಿಟ್ಟುಕೊಂಡು, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು ಕೆಲಸ ಹುಡುಕಲು ಹೊರಟ.

ಮೊದಲ ಕಂಪನಿಯಲ್ಲಿ ಕಾವಲುಗಾರನೇ, “ಎಷ್ಟು ವರ್ಷ ಓಡಿಸಿದ್ದೀರಿ?” ಎಂದು ಕೇಳಿ ಅಲ್ಲಿಂದಲೇ ಸಾಗಹಾಕಿದ. ಎರಡನೆಯ ಕಡೆ ಅರ್ಜಿ ನಮೂನೆ ಕೊಟ್ಟರು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಎರಡು ವರ್ಷದ ಅನುಬವ ಕಡ್ಡಾಯ’ ಎಂದಿತ್ತು. ಆ ‘ಅನುಬವ’ ನೋಡಿ ಷರಾ ಹಾವು ತುಳಿದವನಂತೆ ನಿಂತುಬಿಟ್ಟ. ಹತ್ತು ವರ್ಷದ ಹಿಂದೆ ತನ್ನ ಕಂಪನಿಗೆಂದು ಆ ನಮೂನೆಯನ್ನು ಬರೆದುಕೊಟ್ಟವನು ಅವನೇ, ತಪ್ಪೂ ಅವನದೇ. ಮುದ್ರಣಾಲಯದವನು ಜೋಡಿಸಿದ ಅಚ್ಚು ಮೊಳೆ ವ್ಯರ್ಥವಾಗಬಾರದೆಂದು ಅದನ್ನೇ ಊರಿನ ಕಂಪನಿಗಳಿಗೆಲ್ಲ ಹಂಚಿದ್ದ. ಷರಾ ಪೆನ್ನು ತೆಗೆದು ‘ಬ’ವನ್ನು ‘ಭ’ ಮಾಡಿದ.

“ಅಚ್ಚಾಗಿರೋದರ ಮೇಲೆ ಗೀಚಬಾರದು. ಈ ಅರ್ಜಿ ನಡೆಯಲ್ಲ,” ಎಂದು ಕಿಟಕಿಯೊಳಗಿನ ಗುಮಾಸ್ತೆ ಅದನ್ನು ಬುಟ್ಟಿಗೆ ಹಾಕಿದಳು. ತಾನೂ ಹಾಗೆಯೇ ಮಾಡುತ್ತಿದ್ದೆ ಎಂದು ಷರಾನಿಗೆ ಒಳಗೊಳಗೇ ಅವಳ ಮೇಲೆ ಮೆಚ್ಚುಗೆಯಾಯಿತು. ಅದರಿಂದ ಕೆಲಸವೇನೂ ಸಿಗಲಿಲ್ಲ.

ಏಳು ಕಂಪನಿ ಸುತ್ತಿ, ಕೊನೆಗೆ ಮೂಗು ಮುಚ್ಚಿಕೊಂಡು ತನ್ನ ಹಳೆಯ ಕಂಪನಿಗೇ ಅರ್ಜಿ ಕಳಿಸಿದ. ಕಂಪ್ಯೂಟರು ಒಂದು ನಿಮಿಷದೊಳಗೆ ಉತ್ತರ ಕೊಟ್ಟಿತು. ಒಕ್ಕಣೆ ಅವನದೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಷರಾನಿಗೆ ನೋವಾದದ್ದು ಆ ವೇಗಕ್ಕೆ. ಅವನಾದರೆ ಯಾರನ್ನೇ ಆಗಲಿ ಕನಿಷ್ಠ ಹತ್ತು ದಿನವಾದರೂ ಕಾಯಿಸುತ್ತಿದ್ದ. ಅಷ್ಟು ದಿನ ಮನುಷ್ಯನಿಗೆ ಆಸೆಯೆಂಬುದೊಂದು ಇರುತ್ತಿತ್ತು.

“ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ,” ಎಂದಳು ಹೆಂಡತಿ, ಔಷಧಿ ಚೀಟಿಗಳನ್ನು ಜೋಡಿಸುತ್ತ. “ನೀವು ಹನ್ನೊಂದು ವರ್ಷ ನಡೆಸಿದ ಕಾರುಬಾರು ಅದೇ ತಾನೆ?”

“ನಿಯಮ ಮಾಡಿದ್ದು ನಾನಲ್ಲ,” ಎಂದ ಷರಾ.

“ನಮೂನೆ ಮಾಡಿದ್ದು ನೀವೇ ಅಂದ್ರಲ್ಲ.”

ಅವಳೇ ಒಂದು ದಾರಿ ತಂದಳು. ಅವಳ ಅಂಗಡಿಗೆ ಮಂಡಿನೋವಿನ ಮುಲಾಮು ಕೊಳ್ಳಲು ಬರುತ್ತಿದ್ದ ಹೆಂಗಸಿನದು ಕಿಟಕಿ ಗಾಜಿನ ಕಾರ್ಖಾನೆ. ಮೂವತ್ತು ವರ್ಷ ಅನುಭವದ ಚಾಲಕನೊಬ್ಬ ಒಂದೇ ತಿಂಗಳಲ್ಲಿ ಎರಡು ಲೋಡು ಗಾಜು ಪುಡಿ ಮಾಡಿ ಹೋಗಿದ್ದನಂತೆ.

ಯಜಮಾನಿ ಷರಾನನ್ನು ಮೇಲಿಂದ ಕೆಳಗೆ ನೋಡಿದಳು. “ಎಷ್ಟು ವರ್ಷ ಓಡಿಸಿದ್ದೀರಿ?”

“ಒಂದು ದಿನವೂ ಇಲ್ಲಮ್ಮ.”

“ಲಾರಿ ಹತ್ತಿದ್ರೆ ಹೆದರಿಕೆ ಆಗುತ್ತಾ?”

ಷರಾ ಸುಳ್ಳು ಹೇಳೋಣವೆಂದುಕೊಂಡ. ಆದರೆ ಏಳು ಕಂಪನಿ ಸುತ್ತಿದ ಮೇಲೆ ಸುಳ್ಳಿಗೂ ತ್ರಾಣ ಉಳಿದಿರಲಿಲ್ಲ. “ಕೈ ನಡುಗುತ್ತೆ,” ಎಂದ.

“ಒಳ್ಳೇದು. ಹೋದವನಿಗೆ ಹೆದರಿಕೆ ಅನ್ನೋದೇ ಇರ್ಲಿಲ್ಲ. ನಮ್ಮ ದೊಡ್ಡ ಡ್ರೈವರ್ ಜೊತೆ ಒಂದು ಲೋಡು ಹೋಗಿ ಬನ್ನಿ. ಅವನು ಹೂಂ ಅಂದ್ರೆ ಸೇರ್ಕೊಳ್ಳಿ.”

ಲಾರಿಯ ಹಿಂದಿನಿಂದ ದೊಡ್ಡ ಡ್ರೈವರ್ ಕೈ ಒರೆಸಿಕೊಳ್ಳುತ್ತ ಬಂದ. ಆರಡಿ ಮೀರಿದ ಎತ್ತರ, ತುದಿ ಹರಿದ ಎಡಗಿವಿ. ಷರಾನಿಗೆ ತಕ್ಷಣ ಗುರುತು ಸಿಕ್ಕಿತು. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ ಇರಬೇಕು ಎಂದುಕೊಂಡು, ಮುಖ ಆದಷ್ಟು ಪಕ್ಕಕ್ಕೆ ತಿರುಗಿಸಿ ಸ್ಟಿಯರಿಂಗ್ ಹಿಂದೆ ಕೂತ.

ಎತ್ತರದವನು ದಾರಿಯುದ್ದಕ್ಕೂ ಕಿಟಕಿಯಾಚೆಗೇ ನೋಡುತ್ತ ಕೂತಿದ್ದ. ಹಗೆ ತೀರಿಸಿಕೊಳ್ಳಲು ಜಾಗ ಹುಡುಕುತ್ತಿದ್ದಾನೆ ಎಂದು ಷರಾ ತಿಳಿದ. ಜಾಗವೂ ಸಿಕ್ಕಿತು. ಗಾಜಿನಂಗಡಿ ಇದ್ದದ್ದು ಒಂದು ಇಕ್ಕಟ್ಟಿನ ಓಣಿಯ ತುದಿಯಲ್ಲಿ, ಲಾರಿ ಹಿಂದು ಹಿಂದಕ್ಕೇ ಹೋಗಬೇಕು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕ್ಷೌರದಂಗಡಿಯ ಹೊಸ ಫಲಕ, ಬೆನ್ನಿಗೆ ಇನ್ನೂರು ಹಾಳೆ ಗಾಜು.

“ತಗೊಳ್ಳಿ,” ಎಂದ ಎತ್ತರದವನು, ಕೈ ಕಟ್ಟಿ ಕೂತ.

ಷರಾ ನಾಲ್ಕಡಿ ಹಿಂದಕ್ಕೆ ಬಂದು ನಿಲ್ಲಿಸಿದ. ಇಳಿದ, ನೋಡಿದ, ಹತ್ತಿದ. ಮತ್ತೆ ನಾಲ್ಕಡಿ, ಮತ್ತೆ ಇಳಿದ. ಓಣಿಯ ಬಾಯಲ್ಲಿ ಏಳೆಂಟು ವಾಹನ ಸಾಲುಗಟ್ಟಿ ಹಾರನ್ ಬಾರಿಸತೊಡಗಿದವು. ಕ್ಷೌರಿಕ ಕತ್ತಿ ಹಿಡಿದೇ ಹೊರಬಂದ, ಅವನ ಹಿಂದೆ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ. ಒಬ್ಬ ಎಡಕ್ಕೆ ಎನ್ನುವ, ಇನ್ನೊಬ್ಬ ಬಲಕ್ಕೆ ಎನ್ನುವ. ಷರಾ ಯಾರ ಮಾತೂ ಕೇಳದೆ ಇಳಿಯುತ್ತ ಹತ್ತುತ್ತ ಇದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಹದಿನಾಲ್ಕು ಸಲ ಇಳಿದದ್ದಾಯಿತು. ಇಪ್ಪತ್ತೈದು ನಿಮಿಷದ ಮೇಲೆ ಲಾರಿಯ ಹಿಂಬಾಗಿಲು ಅಂಗಡಿಯ ಮೆಟ್ಟಿಲಿಗೆ ಗೇಣು ದೂರದಲ್ಲಿ ನಿಂತಿತು. ಒಂದು ಹಾಳೆಯೂ ಬಿರುಕು ಬಿಟ್ಟಿರಲಿಲ್ಲ. ಫಲಕ ನೆಟ್ಟಗಿತ್ತು.

ಖಾಲಿ ಲಾರಿಯಲ್ಲಿ ಮರಳುವಾಗ ಎತ್ತರದವನು ಟೀ ಕುಡಿಯೋಣವೆಂದ. ಲೋಟ ಕೈಗೆ ಬಂದ ಮೇಲೆ ಷರಾನಿಗೆ ತಡೆಯಲಾಗಲಿಲ್ಲ.

“ನಿಮ್ಮ ಅರ್ಜಿಯನ್ನ ಮೂರು ಸಲ ವಾಪಸ್ ಕಳಿಸಿದ್ದು ನಾನೇ,” ಎಂದು ಹಳೆಯ ಕಂಪನಿಯ ಹೆಸರು ಹೇಳಿದ. “ನಿಮಗೆ ಸಿಟ್ಟಿದ್ರೆ ಈಗಲೇ ಹೇಳಿಬಿಡಿ.”

ಎತ್ತರದವನು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. “ನೆನಪಿಲ್ಲ,” ಎಂದ. “ನಾನು ಹತ್ತೊಂಬತ್ತು ಕಂಪನಿಗೆ ಹೋಗಿದ್ದೆ. ಎಲ್ಲಾ ಕಿಟಕೀಲೂ ನಿಮ್ಮಂಥೋರು ಒಬ್ಬೊಬ್ಬರು ಇದ್ರು.”

ಷರಾನಿಗೆ ಸಮಾಧಾನವಾಗಬೇಕಿತ್ತು. ಆದರೆ ಹನ್ನೊಂದು ವರ್ಷ ಊರವರ ಹಣೆಬರಹ ಬರೆದೆನೆಂದುಕೊಂಡಿದ್ದವನಿಗೆ ಯಾಕೋ ಪಿಚ್ಚೆನಿಸಿತು.

“ಮತ್ತೆ ಅನುಭವ ಎಲ್ಲಿಂದ ತಂದ್ರಿ?”

“ನಿಮ್ಮ ಕಂಪನಿಯಿಂದಲೇ.” ಎತ್ತರದವನು ಟೀ ಊದಿಕೊಂಡ. “ಉಳಿದೋರೆಲ್ಲ ಬಾಯಲ್ಲೇ ಇಲ್ಲ ಅಂದ್ರು. ನೀವೊಬ್ಬರೇ ಕಾಗದ ಕಳಿಸಿದ್ದು. ಮೇಲೆ ಕಂಪನಿ ಹೆಸರು, ಕೆಳಗೆ ಸಹಿ, ಮೊಹರು. ನಡುವಿನ ಬರಹದ ಮೇಲೆ ಬಿಳಿ ಹಾಳೆ ಅಂಟಿಸಿ, ಎರಡು ವರ್ಷ ದುಡಿದಿದ್ದಾನೆ, ನಡತೆ ಒಳ್ಳೇದು ಅಂತ ಬರೆಸಿ ಜೆರಾಕ್ಸ್ ಮಾಡಿಸಿದೆ. ಆಗ ಈ ಕಾರ್ಖಾನೆ ನೋಡಿಕೊಳ್ತಿದ್ದೋರು ನಮ್ಮ ಯಜಮಾನಿಯ ಮಾವ. ಮೂಲಪ್ರತಿ ಕೇಳಿದ್ರು. ಮನೆ ಬದಲಾಯಿಸುವಾಗ ಕಳೀತು ಅಂದೆ.”

“ಅದು ನನ್ನ ಸಹಿ.”

“ಹೌದಾ? ಚೆನ್ನಾಗಿತ್ತು. ಸಹಿ ನೋಡೇ ಅವರು ನಂಬಿದ್ದು.”

ಹನ್ನೊಂದು ವರ್ಷದಲ್ಲಿ ಷರಾನಿಂದ ಒಬ್ಬ ಹೊಸಬನಿಗಾದರೂ ಕೆಲಸ ಸಿಕ್ಕಿತ್ತು, ಅವನಿಗೆ ಗೊತ್ತಾಗದ ಹಾಗೆ. ಬೈಯಬೇಕೋ ಕೈ ಕುಲುಕಬೇಕೋ ತಿಳಿಯದೆ ಅವನು ಟೀ ದುಡ್ಡು ತಾನೇ ಕೊಟ್ಟ.

ಕಾರ್ಖಾನೆಯಲ್ಲಿ ಯಜಮಾನಿ ಹೇಗೆ ಎಂದು ಕೇಳಿದಾಗ ಎತ್ತರದವನು, “ತುಂಬಾ ನಿಧಾನ. ಓಣಿಯವರೆಲ್ಲ ಬೈದ್ರು. ಗಾಜು ಬೈಲಿಲ್ಲ,” ಎಂದ. ಸೋಮವಾರದಿಂದ ಬರಹೇಳಿದರು.

ಸಂಜೆ ಹೆಂಡತಿ ಚಪ್ಪಲಿ ಬಿಚ್ಚುವ ಮೊದಲೇ ಸುದ್ದಿ ಕೇಳಿದಳು. ಕಾಲು ಚಾಚಿ ಕೂತು ಎಲ್ಲ ಹೇಳಿಸಿಕೊಂಡಳು, ಅರ್ಧ ಗಡ್ಡದ ಗಿರಾಕಿಯ ಭಾಗವನ್ನು ಎರಡು ಸಲ ಹೇಳಿಸಿದಳು.

“ಆ ದೊಡ್ಡ ಡ್ರೈವರ್ ಎಂಥವನು?”

“ಒಳ್ಳೆ ಮನುಷ್ಯ,” ಎಂದ ಷರಾ. “ಮೊದಲು ನಮ್ಮ ಕಂಪನಿಯಲ್ಲೇ ಎರಡು ವರ್ಷ ಇದ್ದನಂತೆ.”

“ಹಾಗಾದ್ರೆ ನಿಮಗೆ ಗುರುತಿರಬೇಕಲ್ಲ?”

“ಇಲ್ಲ,” ಎಂದು ಷರಾ ಅವಳ ಚಪ್ಪಲಿಗಳನ್ನು ಎತ್ತಿ ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟ. “ಆದ್ರೆ ಕಾಗದ ಸರಿಯಾಗಿದೆ.”