ಭಾನುವಾರದ ಡಬ್ಬಿ

ತಂಗಿ ಅಣ್ಣನ ನಂಬರನ್ನು ಇನ್ನೊಮ್ಮೆ ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮುಂದೆ ಹಿಡಿದಳು.

“ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.”

ಚಂದಾದಾರರು ಮೂರಡಿ ದೂರದಲ್ಲಿ, ಗಿಟಾರ್ ರಿಪೇರಿಯ ಬೆಂಚಿನ ಪಕ್ಕ, ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

“ಅವರ ಫೋನು ಇಲ್ಲೇ ಎಲ್ಲೋ ಇರ್ಬೇಕು ಅಕ್ಕಾ,” ಎಂದ ಪಕ್ಕದ ಅಂಗಡಿಯ ವೆಲ್ಡರ್, ಹಾಸಿಗೆ ಮಗುಚುತ್ತ. “ಗಿಟಾರಿನವರ ನಂಬರೆಲ್ಲ ಅದರಲ್ಲೇ ಇರೋದು. ಹನ್ನೆರಡಕ್ಕೆ ವ್ಯಾನ್ ಬರುತ್ತೆ. ಎತ್ತೋದಕ್ಕಾದ್ರೂ ನಾಲ್ಕು ಜನ ಬೇಡ್ವಾ?”

ಗೋಡೆಯ ಮೇಲೆ ಪೆನ್ಸಿಲಿನಲ್ಲಿ ‘ತಂಗಿ’ ಎಂದು ಬರೆದಿದ್ದ ನಂಬರಿಗೆ ಫೋನ್ ಮಾಡಿ ಅವಳನ್ನು ಕರೆಸಿದ್ದವನೂ ಅವನೇ.

“ಈ ಫೋನಿನ ಹೆಂಗಸು ನನಗೆ ಹಳೇ ಪರಿಚಯ,” ಎಂದು ತಂಗಿ ಮೂಗಿನಲ್ಲಿ ರಾಗ ಎಳೆದಳು. “ಹೊ-ರ-ಗಿ-ದ್ದಾ-ರೆ. ಹನ್ನೊಂದು ಭಾನುವಾರ ಇವಳ ಜೊತೇನೇ ಮಾತು ನಂದು. ಒಡಹುಟ್ಟಿದವಳು ಬರ್ತಾಳೆ ಅಂತ ಇವಳನ್ನ ಬಾಗಿಲಿಗೆ ನಿಲ್ಲಿಸಿದ್ದ.”

ವೆಲ್ಡರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳ ಮುಖ ನೋಡಿ, ಬೇಡ ಅಂದುಕೊಂಡ.

ಎರಡು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗ, ಯಾರದೋ ಕಾರ್ಯಕ್ರಮಕ್ಕೆ ಗಿಟಾರ್ ಮುಗಿಸಿಕೊಟ್ಟು ಅಣ್ಣ ಮರುದಿನ ಬಂದಿದ್ದ. ಅವಳು ಹೊಸ್ತಿಲಲ್ಲೇ ಹೇಳಿದ್ದಳು: “ನೀನು ಫೋನ್ ಮಾಡ್ಬೇಡ. ಸಿಟ್ಟು ಇಳಿದ ಮೇಲೆ ನಾನೇ ಮಾಡ್ತೀನಿ.” ಮೂರು ತಿಂಗಳಿಗೆ ಸಿಟ್ಟು ಇಳಿಯಿತು, ಅವಳು ಮಾಡಿದಳು. ಹನ್ನೊಂದನೇ ಭಾನುವಾರದ ಹೊತ್ತಿಗೆ, ತನ್ನ ದನಿ ಅವನಿಗೆ ಬೇಡವಾಗಿದೆ ಎಂದು ತೀರ್ಮಾನಿಸಿ, ಮಾಡುವುದನ್ನೇ ಬಿಟ್ಟಳು.

“ಅದೊಂದು ಗೊತ್ತಾದ್ರೆ ಸಾಕು ನನಗೆ,” ಎಂದಳು. “ಸಿಟ್ಟು ಇಟ್ಕೊಂಡೇ ಹೋದ್ನಾ ಅಂತ.”

ಅಷ್ಟರಲ್ಲಿ ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುವವನು, ಅಂಗಡಿಯವರ ಬಾಯಲ್ಲಿ ‘ಬೇಸಣ್ಣ’, ತನ್ನ ವಾದ್ಯ ವಾಪಸು ಪಡೆಯಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಚಪ್ಪಲಿ ಕಳಚಿ ಚಾಪೆಯ ಹತ್ತಿರ ಬಂದ.

“ಯಾವಾಗ?”

“ನಿನ್ನೆ. ಸ್ಟೂಲ್ ಮೇಲೆ ಕೂತಲ್ಲೇ,” ಎಂದ ವೆಲ್ಡರ್. “ಫೋನ್ ಸಿಗ್ತಿಲ್ಲ ಮಾರಾಯ.”

“ನಿನ್ನೆ ಭಾನುವಾರ ಅಲ್ವಾ? ಹಾಗಾದ್ರೆ ಡಬ್ಬೀಲಿದೆ.”

ಬೆಂಚಿನ ಕೆಳಗಿನಿಂದ ಅವನು ಬಿಸ್ಕತ್ತಿನ ಡಬ್ಬಿಯೊಂದನ್ನು ಎಳೆದು ಮುಚ್ಚಳ ಕಿತ್ತ. ಒಳಗೆಲ್ಲ ತಾಮ್ರದ ಹಾಳೆ ಮೆತ್ತಿತ್ತು. ಅದರ ಮಧ್ಯೆ ತೊಟ್ಟಿಲ ಕೂಸಿನಂತೆ ಫೋನು.

“ಇದೇನು ವೇಷ?” ಎಂದಳು ತಂಗಿ.

“ಫೋನ್ ಪಕ್ಕದಲ್ಲಿದ್ರೆ ಗಿಟಾರಿನೊಳಗೆ ಟಿರ್ರ್ ಟಿರ್ರ್ ಅಂತ ಸದ್ದು ಸೇರುತ್ತೆ ಅಕ್ಕಾ. ಇದ್ರಲ್ಲಿಟ್ರೆ ಒಳಗಿಂದು ಹೊರಗಿಲ್ಲ, ಹೊರಗಿಂದು ಒಳಗಿಲ್ಲ.” ಬೇಸಣ್ಣ ಗಂಟಲು ಒರಟಾಗಿಸಿ, ಹುಬ್ಬು ಗಂಟಿಕ್ಕಿ, ಸತ್ತವನ ಧಾಟಿಯಲ್ಲೇ ಮಾತಾಡಿದ: “‘ಆರು ದಿನ ಆ ವೆಲ್ಡರಿನ ಮಷೀನು ನನ್ನ ಸ್ಪೀಕರಲ್ಲಿ ಕಚೇರಿ ಮಾಡುತ್ತೆ ಕಣಯ್ಯ. ಗುಂಯ್ ಎಲ್ಲಿಂದ ಬರ್ತಿದೆ ಅಂತ ಹುಡುಕೋದಕ್ಕೆ ನನಗಿರೋದು ಭಾನುವಾರ ಒಂದೇ.’”

ವೆಲ್ಡರ್ ಕಣ್ಣೊರೆಸಿಕೊಂಡ. ತಂಗಿ ಒರೆಸಿಕೊಳ್ಳಲಿಲ್ಲ.

“ಯಾರಾದ್ರೂ ಫೋನ್ ಮಾಡ್ತಾರೆ ಅಂತ ಅನಿಸ್ಲಿಲ್ವಾ ಅವನಿಗೆ?”

“ಕೇಳಿದ್ದೆ. ‘ತಂಗಿ ಒಬ್ಬಳು ಮಾಡ್ಬೇಕು. ರಜೆ ದಿನ ಬಿಟ್ರೆ ಮಾಡೋಳಲ್ಲ, ಅವಳ ರಜೆ ಬುಧವಾರ’ ಅಂದ್ರು.”

ತಂಗಿ ಸ್ಟೂಲಿನ ಮೇಲೆ ಕೂತಳು.

“ಬದಲಾಯ್ತು,” ಎಂದಳು. “ನಮ್ಮ ಯಜಮಾನ್ರು ಹೋದ ಮೇಲೆ ಫ್ಯಾಕ್ಟರೀಲಿ ನನ್ನ ರಜೆ ಭಾನುವಾರಕ್ಕೆ ಹಾಕಿದ್ರು. ಇವನಿಗೆ ಯಾರು ಹೇಳ್ಬೇಕಿತ್ತು?”

*

ಬುಧವಾರಗಳಲ್ಲಿ ಅಣ್ಣ ಫೋನನ್ನು ಸ್ಕ್ರೂ ಬಟ್ಟಲಿಗೆ ಒರಗಿಸಿ ನಿಲ್ಲಿಸುತ್ತಿದ್ದ. ಅಂದು ಡ್ರಿಲ್ ಮುಟ್ಟುತ್ತಿರಲಿಲ್ಲ, ಸದ್ದಿಲ್ಲದ ಕೆಲಸವಷ್ಟೇ. ಗಿಟಾರಿನ ಮುಚ್ಚಳ ಬಿಚ್ಚಿ, ಒಳಗಿನ ಪೊಳ್ಳಿಗೆ ತಾಮ್ರದ ಹಾಳೆ ಅಂಟಿಸಿ, ಮೂಲೆಮೂಲೆಯನ್ನೂ ಐಸ್‌ಕ್ರೀಂ ಕಡ್ಡಿಯಿಂದ ತೀಡುತ್ತಿದ್ದ. ಹಾಳೆಗೆ ಹಾಳೆ ಸೇರುವಲ್ಲೆಲ್ಲ ಬೆಸುಗೆಯ ಒಂದು ಚುಕ್ಕೆ. ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದು ಅರ್ತಿಂಗ್ ತಂತಿ. ಅದನ್ನು ಮರೆತರೆ ಕಾವಲು ಕಾಯಬೇಕಾದ ತಾಮ್ರವೇ ಬೀದಿಯ ಗದ್ದಲವನ್ನೆಲ್ಲ ಮನೆಯೊಳಗೆ ಕರೆದು ಕೂರಿಸುತ್ತದೆ.

ಒಂದು ಬುಧವಾರ ಫೋನು ಬಡಿದುಕೊಂಡಿತು. ಅವನು ಕೈ ಒರೆಸಿಕೊಂಡ, ಕೆಮ್ಮಿ ದನಿ ಸರಿಮಾಡಿಕೊಂಡ.

“ನಮಸ್ಕಾರ. ನಿಮ್ಮ ಮೆಚ್ಚಿನ ಹಾಡನ್ನು ಕಾಲರ್ ಟ್ಯೂನ್ ಮಾಡಿಕೊಳ್ಳಲು ಒಂದನ್ನು ಒತ್ತಿ.”

ಅದು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಕೇಳಿದ.

“ಬೇಡಮ್ಮಾ,” ಎಂದು ಆ ಯಂತ್ರಕ್ಕೆ ಮೆತ್ತಗೆ ಹೇಳಿ, ಫೋನನ್ನು ಮತ್ತೆ ಬಟ್ಟಲಿಗೆ ಒರಗಿಸಿದ. ಕತ್ತಲಾಗುವವರೆಗೂ ತಾಮ್ರ ತೀಡಿದ.

*

ಬೇಸಣ್ಣ ಫೋನಿನಿಂದ ಕರೆದವರಲ್ಲಿ ಏಳು ಜನ ಬಂದರು. ಎತ್ತಲು ನಾಲ್ವರು ಸಾಕಾಗಿತ್ತು, ಮೂವರು ಸುಮ್ಮನೆ ಚಾಪೆಯ ಅಂಚು ಮುಟ್ಟಿಕೊಂಡು ನಡೆದರು. ವ್ಯಾನಿನ ಹಿಂದುಗಡೆ ತಂಗಿ ಒಬ್ಬಳೇ ಅಣ್ಣನ ಪಕ್ಕ ಕೂತಳು. ಬೇಸಣ್ಣ ಮುಂದೆ, ಡ್ರೈವರಿನ ಜೊತೆ. ಉಳಿದವರು ಬೈಕುಗಳಲ್ಲಿ ಹಿಂಬಾಲಿಸಿದರು.

ಎರಡು ಬೀದಿ ದಾಟಿದ ಮೇಲೆ ಹಿಂದಿನಿಂದ ತಂಗಿಯ ಮಾತು ಕೇಳಿಸಿತು.

“ಮೊದಲನೇ ಭಾನುವಾರ ನಿನಗೆ ಹೇಳೋಕೆ ಏನಿತ್ತು ಅಂದ್ರೆ, ಬಚ್ಚಲಿನ ನಲ್ಲಿ ಸೋರ್ತಿತ್ತು. ನಿನಗೆ ಐದು ನಿಮಿಷದ ಕೆಲಸ. ಪ್ಲಂಬರ್ ಬಂದು ಅರ್ಧ ಗೋಡೆ ಒಡೆದು ಹಾಕಿದ.”

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಬೇಸಣ್ಣ ರಸ್ತೆಯನ್ನೇ ನೋಡುತ್ತಿದ್ದ.

“ಎರಡನೇ ಭಾನುವಾರ ನನಗೆ ಕನ್ನಡಕ ಬಂತು. ಫ್ಯಾಕ್ಟರೀಲಿ ಒಬ್ಬಳು, ಥೇಟ್ ನಿಮ್ಮಣ್ಣ ಅಂದ್ಲು. ಅವಳ ಹತ್ರ ಒಂದು ವಾರ ಮಾತು ಬಿಟ್ಟಿದ್ದೆ, ಗೊತ್ತಾ?”

ಸ್ಮಶಾನದ ಕಡೆಯ ತಿರುವು ಬಂತು. ಡ್ರೈವರ್ ಬಲಕ್ಕೆ ಇಂಡಿಕೇಟರ್ ಹಾಕಿದ. ತಂಗಿ ಆಗಿನ್ನೂ ನಾಲ್ಕನೇ ಭಾನುವಾರದಲ್ಲಿದ್ದಳು.

ಬೇಸಣ್ಣ ಅಂಗೈ ಎತ್ತಿ ನೇರಕ್ಕೆ ತೋರಿಸಿದ.

“ಸುತ್ತಾಗುತ್ತಲ್ಲ ಸಾರ್,” ಎಂದ ಡ್ರೈವರ್, ದನಿ ತಗ್ಗಿಸಿ.

“ಆಗಲಿ.”

ಡ್ರೈವರ್ ಟಿಕ್ ಟಿಕ್ ಅನ್ನುತ್ತಿದ್ದ ಇಂಡಿಕೇಟರ್ ಆರಿಸಿ, ಕಿಟಕಿಯ ಗಾಜು ಏರಿಸಿ, ವ್ಯಾನನ್ನು ನೇರ ಬಿಟ್ಟ.