ಗುಡುಗಿನ ಬಲಗಡೆಯ ಕುರ್ಚಿ

ಭಾನುವಾರ ಮಧ್ಯಾಹ್ನ ಎರಡಕ್ಕೆ ಬೇಕರಿಯ ಬಾಗಿಲು ಹಾಕಿ, ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಮೇಜನ್ನು ಒರೆಸಿ, ಇಸ್ಪೀಟೆಲೆ ಹಿಡಿದು ಪೋಕರ್ ಆಡಲು ಕೂರುವುದು ಆ ಮನೆಯವರ ಅಭ್ಯಾಸ. ಆಡುವವರು ನಾಲ್ಕೇ ಜನ: ಗಲ್ಲಾದಲ್ಲಿ ಕೂರುವ ಅಕ್ಕ, ಒಲೆ ನೋಡಿಕೊಳ್ಳುವ ಭಾವ, ಕೇಕಿನ ಮೇಲೆ ಹೂಬಳ್ಳಿ ಬಿಡಿಸುವ ಪುಟ್ಟಿ ಮತ್ತು ಬ್ರೆಡ್ ವ್ಯಾನಿನ ಡ್ರೈವರ್. ಪುಟ್ಟಿಗೆ ನಲವತ್ತು ದಾಟಿತ್ತು. ಅಕ್ಕನಿಗೆ ತಂಗಿಯಾದ್ದರಿಂದ ಎಲ್ಲರಿಗೂ ಪುಟ್ಟಿಯೇ. ಡ್ರೈವರನ ದನಿ ಮೂರು ಬೀದಿಯಾಚೆಗೂ ಕೇಳಿಸುತ್ತಿದ್ದುದರಿಂದ ಅವನ ಹೆಸರು ಗುಡುಗು.

ಪಣಕ್ಕೆ ದುಡ್ಡಿನ ಬದಲು ತಲೆಗೆ ನಲವತ್ತು ಬಾದಾಮಿ. ನಾಲ್ಕು ಗಂಟೆಗೆ ಯಾರ ಮುಂದೆ ಎಲ್ಲರಿಗಿಂತ ಕಡಿಮೆ ಉಳಿದಿರುತ್ತದೋ ಅವರು ಸುಟ್ಟ ಸಕ್ಕರೆ ಅಂಟಿದ ಅರವತ್ತು ಟ್ರೇಗಳನ್ನು ತಿಕ್ಕಬೇಕು. ಒಂಬತ್ತು ವಾರದಿಂದ ತಿಕ್ಕುತ್ತಿದ್ದವಳು ಪುಟ್ಟಿ.

ಒಂಬತ್ತನೆಯ ವಾರ ಅವಳು ತೊಟ್ಟಿಯ ಮುಂದೆ ನಿಂತು ಟ್ರೇಯ ಮೂಲೆಯನ್ನು ಸಿಟ್ಟಿನಿಂದ ಕೆರೆಯುತ್ತಿದ್ದಾಗ ಭಾವನ ತಂದೆ ಒಳಗೆ ಬಂದರು. ನಲವತ್ತು ವರ್ಷ ಹರಾಜು ಕೂಗಿ ನಿವೃತ್ತರಾದವರು. ಆಡುತ್ತಿರಲಿಲ್ಲ, ಮೈದಾಚೀಲದ ಮೇಲೆ ಕೂತು ನೋಡುತ್ತಿದ್ದರು, ಅಷ್ಟೆ.

"ನನ್ನ ಹಣೇಲಿ ಒಳ್ಳೆ ಎಲೆ ಬರೆದೇ ಇಲ್ಲ, ಮಾವ," ಎಂದಳು ಪುಟ್ಟಿ.

"ಎಲೆಗೇನಾಗಿದೆ? ಚೆನ್ನಾಗೇ ಬರ್ತಿದೆ. ನೀನು ಕೂರೋ ಜಾಗ ಸರಿಯಿಲ್ಲ."

ಪುಟ್ಟಿ ನಲ್ಲಿ ನಿಲ್ಲಿಸಿದಳು.

"ಎಲೆ ಹಂಚಿದವರ ಎಡಗಡೆಯಿಂದ ಸರದಿ ಶುರು ಆಗುತ್ತೆ, ಹೌದಾ? ನಿನ್ನ ಎಡಕ್ಕೆ ಗುಡುಗು. ನಾಲ್ಕು ಆಟದಲ್ಲಿ ಮೂರು ಸಲ ನೀನು ಬಾಯಿ ಬಿಟ್ಟ ಮೇಲೆ ಅವನು ಬಾಯಿ ಬಿಡ್ತಾನೆ. ನೀನು ಮೂರು ಬಾದಾಮಿ ಇಡ್ತೀಯ, ಅವನು ಒಂಬತ್ತು ಮಾಡ್ತಾನೆ, ನೀನು ಹೆದರಿ ಎಲೆ ಮಗುಚಿಟ್ಟು ಆಟ ಬಿಡ್ತೀಯ. ಹರಾಜಲ್ಲೂ ಹಂಗೇ ಕಣಮ್ಮ. ಅವಸರದಲ್ಲಿ ಕೂಗೋರ ಮನಸ್ಸಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತಾಗಿಬಿಡ್ತಿತ್ತು. ತಡೆದು ಕೂಗೋರು ಎಲ್ಲರ ಮುಖ ನೋಡ್ಕೊಂಡು ಕೂಗ್ತಿದ್ರು."

"ಹಾಗಾದ್ರೆ ನಾನು ಅವನ ಎಡಕ್ಕೆ ಕೂರ್ಬೇಕು!"

"ಕೂರು. ಬಿಟ್ಟುಕೊಡ್ತಾರಾ ಕೇಳು."

ಗುಡುಗಿನ ಎಡಗಡೆಯ ಕುರ್ಚಿ ಭಾವನದು. ಒಲೆಯ ಗೋಡೆಗೆ ತಾಗಿಕೊಂಡಿದ್ದರಿಂದ ಅವರ ಸೊಂಟಕ್ಕೆ ಹಿತವಾಗಿತ್ತು. ಮುಂದಿನ ಭಾನುವಾರ ಪುಟ್ಟಿ ಬಾಯಿಬಿಟ್ಟು ಕೇಳಿದಳು.

"ಬೇರೆ ಏನು ಬೇಕಾದ್ರೂ ಕೇಳು, ಪುಟ್ಟಿ," ಎಂದರು ಭಾವ. "ಈ ಗೋಡೆ ಮಾತ್ರ ಕೇಳಬೇಡ."

"ಸರಿ, ಎಲೆ ಎಳೆಯೋಣ. ದೊಡ್ಡ ಎಲೆ ಬಂದವರು ಒಲೆ ಹತ್ತಿರ, ಆಮೇಲೆ ಎಡಕ್ಕೆ ಸಾಲಾಗಿ ಕೂರೋಣ."

ಎಳೆದರು. ಭಾವನಿಗೆ ರಾಜ ಬಂದ. ಅಕ್ಕನಿಗೆ ಹತ್ತು, ಪುಟ್ಟಿಗೆ ಎಂಟು, ಗುಡುಗಿಗೆ ಏಳು. ಎಲ್ಲರೂ ಎದ್ದು, ಲೆಕ್ಕ ಹಾಕಿ, ಮತ್ತೆ ತಮ್ಮ ತಮ್ಮ ಹಳೆಯ ಕುರ್ಚಿಯಲ್ಲೇ ಕೂತರು. ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿನಗೆ ನನ್ನ ಬಿಟ್ಟಿರೋಕಾಗಲ್ಲ, ಪುಟ್ಟಕ್ಕಾ!" ಎಂದು ಗುಡುಗು ಅಬ್ಬರಿಸಿದಾಗ ಕಪಾಟಿನ ಗಾಜು ಝಲ್ಲೆಂದಿತು.

ಪುಟ್ಟಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಜಾಗವಂತೂ ಬದಲಾಗಲಿಲ್ಲ, ನಾಲಿಗೆಯನ್ನಾದರೂ ಹಿಡಿದುಕೊಳ್ಳೋಣ ಎಂದುಕೊಂಡಳು. ಮೊದಲು ಮಾತಾಡಬೇಕಾಗಿ ಬಂದಾಗಲೆಲ್ಲ ಮೇಜು ತಟ್ಟಿದಳು. ತಟ್ಟಿದರೆ 'ಸದ್ಯಕ್ಕೆ ಏನೂ ಇಡುವುದಿಲ್ಲ' ಎಂದರ್ಥ. ಸಾಧಾರಣ ಎಲೆಗಳನ್ನು ಮುಲಾಜಿಲ್ಲದೆ ಮಗುಚಿಟ್ಟಳು. ಎಲೆ ಹಂಚುವ ಮೊದಲು ಎಲ್ಲರೂ ಇಡಲೇಬೇಕಾದ ಒಂದೊಂದು ಬಾದಾಮಿಯಷ್ಟೇ ಸವೆಯುತ್ತಾ ಹೋಯಿತು. ಆದರೆ ಸುಮ್ಮನೆ ಕೂತಾಗ ಕಣ್ಣಿಗೆ ಬಿಡುವು ಸಿಕ್ಕಿತು. ಅವಳು ತಟ್ಟಿದಾಗಲೆಲ್ಲ ಗುಡುಗು ಏನಾದರೂ ಇಡುತ್ತಿದ್ದ. ಕೈಯಲ್ಲಿ ಎಲೆ ಇರಲಿ, ಇಲ್ಲದಿರಲಿ. ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವನು ಇಟ್ಟ ಮೇಲೆ ಭಾವ ನಿಟ್ಟುಸಿರು ಬಿಡುತ್ತಿದ್ದರು, ಅಕ್ಕ ತುಟಿ ಕಚ್ಚುತ್ತಿದ್ದಳು. ಆಮೇಲೆ ಸರದಿ ಒಂದು ಸುತ್ತು ಹಾಕಿ ಪುಟ್ಟಿಯ ಹತ್ತಿರವೇ ಬರುತ್ತಿತ್ತು.

ಬಂದು ನಿಂತಾಗ ಮೇಜಿನ ಸುತ್ತ ಮಾತಾಡದೆ ಉಳಿದವರು ಯಾರೂ ಇರುತ್ತಿರಲಿಲ್ಲ.

ಪುಟ್ಟಿಯ ಬೆನ್ನು ತಾನಾಗಿ ನೆಟ್ಟಗಾಯಿತು. ತಾನು ಮೊದಲು ತಟ್ಟಿ, ಗುಡುಗು ತಪ್ಪದೆ ಗುಡುಗಿದರೆ, ಕೊನೆಯ ಮಾತು ತನ್ನದೇ! ಇದೇ ಕುರ್ಚಿಯಲ್ಲಿ ಕೂತು ಒಂಬತ್ತು ವಾರ ಗೋಳಾಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ನಾಲ್ಕಾಗಲು ಹತ್ತು ನಿಮಿಷವಿದ್ದಾಗ ಅಕ್ಕ ಎಲೆ ಹಂಚಿದಳು. ಐದು ಎಲೆಗಳಲ್ಲಿ ಪುಟ್ಟಿಗೆ ಎರಡು ರಾಣಿ. ಉಳಿದ ಮೂರನ್ನು ಬದಲಾಯಿಸಿಕೊಂಡಾಗ ಇನ್ನೊಬ್ಬ ರಾಣಿ ಬಂದಳು. ಟ್ರೇ ತಿಕ್ಕುವಾಗಿನ ಜೋಲುಮುಖವನ್ನೇ ಹಾಕಿಕೊಂಡು ಮೇಜು ತಟ್ಟಿದಳು.

"ಆರು!" ಎಂದ ಗುಡುಗು.

ಭಾವ ನಿಟ್ಟುಸಿರು ಬಿಡಲಿಲ್ಲ; ಆರು ಇಟ್ಟರು. ಅಕ್ಕನೂ ಇಟ್ಟಳು.

ಪುಟ್ಟಿ ಎರಡೂ ಅಂಗೈಯಿಂದ ತನ್ನ ಮುಂದಿದ್ದ ಇಪ್ಪತ್ತೆರಡು ಬಾದಾಮಿಯನ್ನೂ ನಡುವಿಗೆ ತಳ್ಳಿದಳು.

"ಅಯ್ಯೋ, ಇದೇನೇ ಇದು!" ಎಂದು ಅಕ್ಕ ಎಲೆ ನೋಡಿಕೊಂಡಳು, ತಂಗಿಯ ಮುಖ ನೋಡಿದಳು, ಮತ್ತೆ ಎಲೆ ನೋಡಿಕೊಂಡಳು. ಆದರೆ ಅವಳಿಗಿಂತ ಮೊದಲು ಮಾತಾಡಬೇಕಾದವನು ಗುಡುಗು.

"ಪುಟ್ಟಕ್ಕ ಹೆದರಿಸ್ತಾಳೆ ನೋಡಿ! ಒಂಬತ್ತು ವಾರ ಟ್ರೇ ತಿಕ್ಕಿ ತಲೆ ಕೆಟ್ಟಿದೆ. ನಾನಿದೀನಿ!" ಅವನೂ ಅಷ್ಟನ್ನೇ ಇಟ್ಟ. ಭಾವ ಎಲೆ ಮಗುಚಿಟ್ಟರು. ಅಕ್ಕನೂ ಮಗುಚಿಟ್ಟಳು.

ಗುಡುಗು ಎರಡು ಹತ್ತುಗಳನ್ನು ಧಡಾರನೆ ಬಡಿದ. ಪುಟ್ಟಿ ರಾಣಿಯರನ್ನು ಒಬ್ಬೊಬ್ಬರನ್ನಾಗಿ ಸಾಲಾಗಿ ಇಟ್ಟಳು.

ಗುಡುಗು ಬಗ್ಗಿ ರಾಣಿಯರನ್ನು ಬೆರಳಿಟ್ಟು ಎಣಿಸಿದ. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. "ತಟ್ಟಿ ಮಲಗಿಸಿಬಿಟ್ಟೆಯಲ್ಲ ತಾಯಿ! ಎಲ್ಲಿ ಕಲಿತೆ ಇದನ್ನ?"

"ನಿನ್ನ ಪಕ್ಕದಲ್ಲೇ ಕೂತು ಕಲಿತೆ," ಎಂದಳು ಪುಟ್ಟಿ.

ಮೈದಾಚೀಲದ ಮೇಲಿಂದ ಮಾವ ಎದ್ದರು. "ಎದ್ದು ಬೇರೆ ಕಡೆ ಕೂರು ಅಂತ ಮಾತ್ರ ನಾನು ಹೇಳಿದ್ದೆ. ಇದು ನನಗೂ ಹೊಳೆದಿರಲಿಲ್ಲ," ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಹಾಗೆ ಯಾರನ್ನಾದರೂ ಹೊಗಳಿದ್ದನ್ನು ಅವರ ಮಗ ಜನ್ಮದಲ್ಲಿ ಕೇಳಿರಲಿಲ್ಲ.

ನಾಲ್ಕು ಹೊಡೆದಾಗ ಎಲ್ಲರಿಗಿಂತ ಕಡಿಮೆ ಬಾದಾಮಿ ಉಳಿದಿದ್ದ ಗುಡುಗು ಅಂಗಿಯ ತೋಳು ಮಡಚಿಕೊಂಡು ತೊಟ್ಟಿಯ ಮುಂದೆ ನಿಂತ. ನೀರು ಎಷ್ಟು ಬಿಸಿಯಿರಬೇಕು, ಯಾವ ಮೂಲೆಯಲ್ಲಿ ಸಕ್ಕರೆ ಹೆಚ್ಚು ಅಂಟಿರುತ್ತದೆ ಎಂದು ಪುಟ್ಟಿ ತೋರಿಸಿಕೊಟ್ಟಳು. ಆಮೇಲೆ ಒಂದು ಲೋಟ ಚಹಾ ಹಿಡಿದು ಹಿತ್ತಲ ಮೆಟ್ಟಿಲಿನ ಬಿಸಿಲಲ್ಲಿ ಹೋಗಿ ಕೂತಳು. ಅಕ್ಕನೂ ಬಂದು ಪಕ್ಕದಲ್ಲಿ ಕೂತು, "ಸ್ವಲ್ಪ ಆ ಕಡೆ ಸರಿಯೇ," ಎಂದಳು. ಒಳಗಿನಿಂದ ಟ್ರೇಗಳ ಸದ್ದೂ ಡ್ರೈವರನ ಹಾಡೂ ಒಟ್ಟಿಗೆ ಕೇಳಿಬರುತ್ತಿದ್ದವು. ಹಾಡು ರಾಗ ತಪ್ಪಿತ್ತು. ಅಕ್ಕತಂಗಿಯರು ಲೋಟ ಖಾಲಿಯಾದ ಮೇಲೂ ಏಳಲಿಲ್ಲ.